ಮುರಿದ ಹಲ್ಲಿಗೆ ಯಾವ ಸೆಕ್ಷನ್ನು?



ಈ ಸಲ ಗೌಡರ ಮೇಲೆ ಬರೆಯುತ್ತಿಲ್ಲ. ನಮ್ಮ ಮೇಲೆ ನಾವೇ ಬರೆದುಕೊಳ್ಳುತ್ತಿದ್ದೇವೆ. ಓದಿ ಸಿಟ್ಟು ಬಂದವರು ಸಭೆ ಮುಗಿದ ಮೇಲೆ ಬನ್ನಿ, ಟೀ ಅಂಗಡಿ ಮುಂದೆ ಕೂತು ಜಗಳ ಆಡೋಣ.

2024ರ ನವೆಂಬರ್‌ನ ಒಂದು ರಾತ್ರಿ ನಮ್ಮ ಕೇರಿಯ ಅಕ್ಕ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಬಂದಳು. ಹೆಸರು ಬೇಡ. ಸೆರಗು ತೆಗೆದರೆ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಮುರಿದ ಚೂರನ್ನು ಎಲೆ ಅಡಿಕೆ ಚೀಲದಲ್ಲಿ ಕಟ್ಟಿಕೊಂಡೇ ಬಂದಿದ್ದಳು. ಹೊಡೆದವನು ಗಂಡ. ಯಾರೋ ಗೊತ್ತಿಲ್ಲದವನಲ್ಲ, ನಮ್ಮ ಜಾಥಾದಲ್ಲಿ ಮುಂದೆ ನಿಂತು ತಮಟೆ ಬಡಿಯುವವನು. ಅದೇ ಕೈ.

ಮೊದಲು ಸರ್ಕಾರಿ ಆಸ್ಪತ್ರೆ, ಆಮೇಲೆ ಠಾಣೆ. ನಾವು ನಾಲ್ಕು ಜನ ಜೊತೆಗಿದ್ದೆವು. ದೂರು ಕೊಡಿಸಲು ಹೊರಟವರು ದಾರಿಯಲ್ಲೇ ಮೆತ್ತಗಾದೆವು. ಸಂಘದ ಹುಡುಗ, ಕೂಲಿ ಮಾಡುವವನು, ಎರಡು ಮಕ್ಕಳ ತಂದೆ, ಒಳಗೆ ಹಾಕಿದರೆ ಏನು ಗತಿ ಅಂತ. ಠಾಣೆಯಲ್ಲಿ ಬರೆಯುವ ಪೇದೆ ಕೇಳಿದ್ದು ಒಂದೇ ಮಾತು: "ವರದಕ್ಷಿಣೆ ಕೇಳಿದ್ನಾ?" ಇಲ್ಲ ಅಂದಳು. "ಮತ್ತಿನ್ನೇನವ್ವಾ? ಎಲ್ಲಾರ ಮನೆ ದೋಸೆನೂ ತೂತೇ." ಒಂದು ಚೀಟಿ ಬರೆದುಕೊಟ್ಟ. ಸಾದಾ ಗಾಯ, ಎನ್‌ಸಿ. ಬೆಳಿಗ್ಗೆ ಗಂಡನನ್ನು ಕರೆಸಿ ನಾಲ್ಕು ಬೈದು, ಇನ್ನು ಮೇಲೆ ಹೊಡೆಯುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡರು. ಅದರ ಕೆಳಗೆ ಸಾಕ್ಷಿ ಸಹಿ ಯಾರದು? ನಮ್ಮದು. ನಮ್ಮಲ್ಲಿ ಮೂವರು ಬಿಎ ಓದಿದವರು. ಒಬ್ಬ ಪದ್ಯ ಬೇರೆ ಬರೆಯುತ್ತಾನೆ.

ಈಗ ಆ ಚೀಟಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಯಾಕೆಂದರೆ ನಮ್ಮ ಹೆಂಗಸರ ಮೇಲೆ ಬೀಳುವ ಎರಡನೇ ಏಟು ಆ ಚೀಟಿಯಲ್ಲೇ ಇರುತ್ತದೆ.

ಕಾನೂನು ಏಟನ್ನು ಮೂರು ಮೆಟ್ಟಿಲು ಮಾಡಿದೆ. ಹಲ್ಲೆ, ಗಾಯ, ತೀವ್ರ ಗಾಯ. ನಾವು ಮಾತಿನಲ್ಲಿ ಎಲ್ಲವನ್ನೂ ಹಲ್ಲೆ ಅಂತೀವಿ. ಕಾನೂನಿನ ಹಲ್ಲೆಗೆ ಏಟೇ ಬೀಳಬೇಕಾಗಿಲ್ಲ, ಈಗ ಹೊಡೆದೇಬಿಡುತ್ತಾನೆ ಅನ್ನುವ ಹಾಗೆ ಕೈ ಎತ್ತಿದರೆ ಸಾಕು. ಭಾರತೀಯ ನ್ಯಾಯ ಸಂಹಿತೆಯ 130ನೇ ಕಲಂ. ಎರಡನೆಯದು ಗಾಯ, 114ನೇ ಕಲಂ. ಇದಕ್ಕೆ ರಕ್ತ ಬೇಡ, ಬಾಸುಂಡೆ ಬೇಡ. ಮೈಗೆ ನೋವು ಮಾಡಿದರೂ ಅದು ಗಾಯವೇ. ಜುಟ್ಟು ಹಿಡಿದು ಎಳೆದರೆ ಗುರುತು ಉಳಿಯುತ್ತದಾ? ನೋವು ಉಳಿಯುತ್ತದೆ. ಹಾಗಿದ್ದ ಮೇಲೆ "ಗಾಯ ಎಲ್ಲಿ ತೋರ್ಸು" ಅಂತ ಠಾಣೆಯಲ್ಲಿ ಕೇಳುವ ಪ್ರಶ್ನೆಯೇ ಕಾನೂನು ಓದದವನ ಪ್ರಶ್ನೆ. ಇಂಥ ಸಾದಾ ಗಾಯಕ್ಕೆ 115(2), ಒಂದು ವರ್ಷದವರೆಗೆ ಸಜೆ, ಇಲ್ಲ ಹತ್ತು ಸಾವಿರದವರೆಗೆ ದಂಡ, ಇಲ್ಲ ಎರಡೂ. ಆದರೆ ಇದು ಅಸಂಜ್ಞೇಯ, ಅಂದರೆ ಠಾಣೆಯ ಮಾತಿನಲ್ಲಿ ಎನ್‌ಸಿ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಪುಸ್ತಕದಲ್ಲಿ ಬರೆದುಕೊಂಡು, ಹೋಗವ್ವ ಕೋರ್ಟಿಗೆ ಅಂತ ಕಳಿಸಬಹುದು. ಕೂಲಿ ಬಿಟ್ಟು ಅವಳು ಕೋರ್ಟಿಗೆ ಹೋಗುವುದಿಲ್ಲ ಅಂತ ಬರೆಯುವವನಿಗೂ ಗೊತ್ತು.

ಮೂರನೆಯದು ತೀವ್ರ ಗಾಯ. 116ನೇ ಕಲಮಿನಲ್ಲಿ ಎಂಟು ಬಗೆ ಎಣಿಸಿದ್ದಾರೆ. ಕಣ್ಣು ಹೋದರೆ, ಕಿವಿ ಕೇಳದಾದರೆ, ಮುಖ ಶಾಶ್ವತವಾಗಿ ವಿಕಾರವಾದರೆ, ಹೀಗೆ ಹೋಗುತ್ತದೆ ಪಟ್ಟಿ. ಏಳನೆಯದನ್ನು ಗಟ್ಟಿಯಾಗಿ ಓದಿಕೊಳ್ಳಿ: ಮೂಳೆ ಇಲ್ಲವೇ ಹಲ್ಲು ಮುರಿದರೆ ಅಥವಾ ಜಾಗ ತಪ್ಪಿದರೆ. ಹಲ್ಲು! ಅಷ್ಟು ಸ್ಪಷ್ಟವಾಗಿ ಬರೆದಿದೆ. 1860ರಲ್ಲಿ ಬಿಳಿಯರು ಮಾಡಿದ ದಂಡ ಸಂಹಿತೆಯಲ್ಲೂ ಇದೇ ಇತ್ತು, ಆಗ ಕಲಂ 320. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಾಗ ನಂಬರು ಬದಲಾಯಿತು, ಹಲ್ಲು ಹಲ್ಲಾಗಿಯೇ ಉಳಿಯಿತು. ಶಿಕ್ಷೆ 117(2), ಏಳು ವರ್ಷದವರೆಗೆ ಸಜೆ ಮತ್ತು ದಂಡ. ಸಂಜ್ಞೇಯ ಅಪರಾಧ. ಯಾರ ಅಪ್ಪಣೆಯೂ ಬೇಕಿಲ್ಲ, ಎಫ್‌ಐಆರ್ ಬರೆಯಲೇಬೇಕು, ತನಿಖೆ ಮಾಡಲೇಬೇಕು.

ಅಂದರೆ ಅಕ್ಕನ ಎಲೆ ಅಡಿಕೆ ಚೀಲದಲ್ಲಿ ಏಳು ವರ್ಷದ ಅಪರಾಧ ಇತ್ತು. ಚೀಟಿಯಲ್ಲಿ ಏನೂ ಇರಲಿಲ್ಲ. ನಡುವೆ ನಮ್ಮ ಸಹಿ ಇತ್ತು.

ಇದರ ಜೊತೆಗೆ ಇನ್ನೊಂದು ಕಲಂ ಇದೆ. ಗಂಡ ಮತ್ತು ಗಂಡನ ಕಡೆಯವರ ಕ್ರೌರ್ಯ, ಈಗ 85, ಮೊದಲು 498ಎ. ಹಳೇ ದಂಡ ಸಂಹಿತೆಗೆ ಇದು ಸೇರಿದ್ದು 1983ರಲ್ಲಿ. ಎಲ್ಲರೂ ಇದನ್ನು ವರದಕ್ಷಿಣೆ ಕಾನೂನು ಅಂತಲೇ ಕರೆಯುತ್ತಾರೆ, ಪೇದೆಯ ಪ್ರಶ್ನೆಯೂ ಅಲ್ಲಿಂದಲೇ ಬಂದದ್ದು. ತಪ್ಪು. ಕ್ರೌರ್ಯಕ್ಕೆ ಅಲ್ಲಿ ಎರಡು ಅರ್ಥ ಕೊಟ್ಟಿದ್ದಾರೆ. ಹಣ ಆಸ್ತಿ ತಾ ಅಂತ ಪೀಡಿಸುವುದು ಒಂದು. ಇನ್ನೊಂದಕ್ಕೆ ವರದಕ್ಷಿಣೆಯ ಮಾತೇ ಇಲ್ಲ: ಹೆಂಗಸು ಆತ್ಮಹತ್ಯೆಗೆ ಹೋಗುವಂಥ, ಇಲ್ಲವೇ ಅವಳ ಜೀವಕ್ಕೆ, ಅಂಗಕ್ಕೆ, ದೇಹದ ಅಥವಾ ಮನಸ್ಸಿನ ಆರೋಗ್ಯಕ್ಕೆ ಅಪಾಯ ತರುವಂಥ ನಡತೆ. ಮೂರು ವರ್ಷದವರೆಗೆ ಸಜೆ. ಮೊನ್ನೆ ಮೊನ್ನೆಯವರೆಗೆ ತೆರ ಕೊಟ್ಟು ಹೆಣ್ಣು ತಂದ ಕೇರಿ ನಮ್ಮದು. ವರದಕ್ಷಿಣೆ ಎಂಬ ಮೇಲಿನವರ ರೋಗ ತಡವಾಗಿ ಬಂದು ಅಂಟಿಕೊಂಡಿತು. ಆದರೆ ಏಟು? ಅದಕ್ಕೆ ತೆರವೂ ಒಂದೇ ದಕ್ಷಿಣೆಯೂ ಒಂದೇ.

ನಾವು ಸಂಘದವರು ತಿಳಿದಿರಬೇಕಾದ ಒಂದು ಸೂಕ್ಷ್ಮ ಇದರಲ್ಲಿದೆ. 85ರ ದೂರನ್ನು ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳಬೇಕಾದರೆ ಆ ಹೆಂಗಸೇ ಕೊಡಬೇಕು, ಇಲ್ಲವೇ ಅವಳ ರಕ್ತ ಸಂಬಂಧಿ, ನೆಂಟ, ದತ್ತು ಸಂಬಂಧದವರು ಕೊಡಬೇಕು. ಲೆಟರ್‌ಹೆಡ್ ಮೇಲೆ ಸಂಘದ ಮೊಹರು ಒತ್ತಿ ನಾವು ಕೊಟ್ಟರೆ ಆಗುವುದಿಲ್ಲ. ಅವಳ ತಮ್ಮ ಬಸ್ಸು ಹತ್ತಿ ಬರಬೇಕು. ತೀವ್ರ ಗಾಯಕ್ಕೆ ಈ ತಡೆ ಇಲ್ಲ, ಕಂಡವರು ಯಾರು ಬೇಕಾದರೂ ಹೇಳಬಹುದು. ಒಂದು ದೂರಿನಲ್ಲಿ ಹತ್ತು ಅಪರಾಧ ಇದ್ದು ಅದರಲ್ಲಿ ಒಂದು ಸಂಜ್ಞೇಯವಾದರೂ ಇಡೀ ಕೇಸೇ ಸಂಜ್ಞೇಯ. ಅದಕ್ಕೇ ಬರೆಯುವವನು ಆ ಒಂದನ್ನು ಬಿಟ್ಟು ಒಂಬತ್ತನ್ನು ಬರೆಯುತ್ತಾನೆ. ಕಾದ ಸಾರು ಎರಚಿದರೆ, ಒಲೆಯ ಕೊಳ್ಳಿಯಿಂದ ಸುಟ್ಟರೆ, ಮಚ್ಚು ಬೀಸಿದರೆ ಅದು 118, ಸಾದಾ ಗಾಯ ಅಲ್ಲವೇ ಅಲ್ಲ. ಕುತ್ತಿಗೆ ಹಿಸುಕಿ ಜೀವಕ್ಕೆ ಅಪಾಯ ತಂದರೆ ಗುರುತು ಇರಲಿ ಬಿಡಲಿ ಅದು ತೀವ್ರ ಗಾಯದ ಎಂಟನೇ ಬಗೆ.

ಇದೆಲ್ಲ ನಮಗೆ ಹೊಸತಾ? ಹೊಸತಲ್ಲ. ಈ ಕಳ್ಳತನವನ್ನು ನಾವು ಚೆನ್ನಾಗಿ ಬಲ್ಲೆವು. ನಮ್ಮವನನ್ನು ಮೇಲಿನ ಕೇರಿಯವರು ಹೊಡೆದಾಗ ಠಾಣೆಯಲ್ಲಿ ಸಾದಾ ಜಗಳ ಅಂತ ಬರೆದು 1989ರ ದೌರ್ಜನ್ಯ ತಡೆ ಕಾಯಿದೆಯನ್ನು ನುಂಗುತ್ತಾರೆ. ಆಗ ನಾವು ಏನು ಮಾಡುತ್ತೇವೆ? ಠಾಣೆ ಮುಂದೆ ಕೂರುತ್ತೇವೆ. ಸೆಕ್ಷನ್ ಹಾಕು ಅಂತ ಕೂಗುತ್ತೇವೆ. ಡಿವೈಎಸ್ಪಿ ಬರಬೇಕು, ಅವರೇ ತನಿಖೆ ಮಾಡಬೇಕು ಅನ್ನುತ್ತೇವೆ. ಕಲಮಿನ ನಂಬರು ನಮಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. ಆದರೆ ಅದೇ ಬೆಂಚಿನ ಮೇಲೆ ನಮ್ಮ ಅಕ್ಕ ಹಲ್ಲು ಹಿಡಿದು ಕೂತಾಗ ಮಗ್ಗಿ ಮರೆತುಹೋಗುತ್ತದೆ. ನಾವೇ ಪಂಚಾಯ್ತಿ ಗೌಡರಾಗುತ್ತೇವೆ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅನ್ನುತ್ತೇವೆ. ಉಣ್ಣುವುದಕ್ಕೆ ಅವಳಿಗೆ ಹಲ್ಲು ಇರಬೇಕಲ್ಲ?

ಗೌಡ ಹೊಡೆದರೆ ದೌರ್ಜನ್ಯ, ಗಂಡ ಹೊಡೆದರೆ ಸಂಸಾರ. ಈ ವ್ಯಾಕರಣ ಎಲ್ಲಿ ಕಲಿತೆವು? ಮನುವನ್ನು ಸುಡುತ್ತೇವೆ ಅನ್ನುವವರ ಮನೆಯ ಅಟ್ಟದ ಮೇಲೆ ಅವನು ಬೆಚ್ಚಗೆ ಮಲಗಿದ್ದಾನೆ.

ಕೇಂದ್ರ ಸರ್ಕಾರದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ನಡೆಯಿತು. ಮದುವೆಯಾದ, 18ರಿಂದ 49 ವಯಸ್ಸಿನ ಕರ್ನಾಟಕದ ಹೆಂಗಸರಲ್ಲಿ ಶೇಕಡಾ 44 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡವರು. ದೇಶದಲ್ಲೇ ಮೊದಲ ಸ್ಥಾನ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇಕಡಾ 21ರ ಹತ್ತಿರ ಇತ್ತು. ಯಾವುದಾದರೂ ಕಾರಣಕ್ಕೆ ಹೆಂಡತಿಗೆ ಹೊಡೆಯಬಹುದು ಅಂದ ಕರ್ನಾಟಕದ ಗಂಡಸರು ಶೇಕಡಾ 82. ಹೆಂಗಸರೂ ಹಿಂದೆ ಬಿದ್ದಿಲ್ಲ, ಶೇಕಡಾ 77. ಇದು ಎಲ್ಲ ಜಾತಿಗಳೂ ಸೇರಿದ ಲೆಕ್ಕ. ಹಾಗಂತ ಉಸಿರು ಬಿಡಬೇಡಿ, ನಾವೂ ಆ ಲೆಕ್ಕದ ಒಳಗೇ ಇದ್ದೇವೆ.

ಈಗ ನಮ್ಮವರೇ ಹೇಳುವ ಮಾತುಗಳಿಗೆ ಬರೋಣ.

"ಕುಡಿದಿದ್ದ, ಪ್ರಜ್ಞೆ ಇರಲಿಲ್ಲ." ಕುಡಿದವನು ದಾರಿ ತಪ್ಪದೆ ಮನೆಗೆ ಬರುತ್ತಾನೆ. ದಾರಿಯಲ್ಲಿ ಗೌಡರ ಜಗಲಿ ಸಿಗುತ್ತದೆ, ಅಲ್ಲಿ ಕೈ ಎತ್ತುವುದಿಲ್ಲ, ಟವಲು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡೇ ದಾಟುತ್ತಾನೆ. ಮನೆ ಬಾಗಿಲು ದಾಟಿದ ಮೇಲೆ ಪ್ರಜ್ಞೆ ತಪ್ಪುತ್ತದೆ. ಎಂಥ ಲೆಕ್ಕ ಬಲ್ಲ ಅಮಲು ಇದು! ತಾನಾಗಿ ಕುಡಿದ ಅಮಲಿಗೆ ಕಾನೂನಿನಲ್ಲಿ ಮಾಫಿ ಇಲ್ಲ. ಹೆಂಡ ಬೇಡ ಶಾಲೆ ಬೇಕು ಅಂತ ಬೀದಿಯಲ್ಲಿ ಕೂಗಿದ ಚಳವಳಿ ನಮ್ಮದು. 2007ರಲ್ಲಿ ಸಾರಾಯಿ ನಿಂತಿತು. ಬಣ್ಣದ ಪೊಟ್ಟಣದಲ್ಲಿ ಬೇರೆ ಹೆಸರಿನಲ್ಲಿ ವಾಪಸ್ಸು ಬಂತು. ಹೆಂಡದ ಅಂಗಡಿಯವನ ಮೇಲೆ ಕೂಗೋಣ, ಸರ್ಕಾರದ ಬೊಕ್ಕಸದ ಮೇಲೂ ಕೂಗೋಣ. ಏಟಿನ ಲೆಕ್ಕ ಮಾತ್ರ ಹೊಡೆದವನ ಹೆಸರಿನಲ್ಲೇ ಇರಲಿ.

"ಸುಳ್ಳು ಕೇಸು ಹಾಕ್ತಾರೆ, ಸುಪ್ರೀಂ ಕೋರ್ಟೇ ಹೇಳಿದೆ." ಕೋರ್ಟು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದ್ದು, ಕೇಸು ಬಂತು ಅಂತ ಯಂತ್ರದ ಹಾಗೆ ಬಂಧಿಸಬೇಡಿ, ಬಂಧನ ಬೇಕೇ ಅಂತ ಯೋಚಿಸಿ, ಬೇಡವಾದರೆ ನೋಟಿಸು ಕೊಡಿ ಅಂತ. ಎಫ್‌ಐಆರ್ ಬರೆಯಬೇಡಿ ಅಂತ ಅಲ್ಲ. ಇವೆರಡನ್ನೂ ಬೇಕೆಂದೇ ಕಲಸಿ ನಮ್ಮ ಮುಂದೆ ಇಡುತ್ತಾರೆ. ಅಂದಹಾಗೆ, ದೌರ್ಜನ್ಯ ಕಾಯಿದೆಯ ಮೇಲೂ ಸುಳ್ಳು ಕೇಸು ಸುಳ್ಳು ಕೇಸು ಅಂತ ಇದೇ ರಾಗ ಹಾಡುತ್ತಾರಲ್ಲ, ಅದನ್ನು ಕೇಳಿದಾಗ ನಮ್ಮ ರಕ್ತ ಕುದಿಯುತ್ತದಲ್ಲ? ಅದೇ ರಾಗವನ್ನು ನಮ್ಮ ಅಕ್ಕಂದಿರ ಮುಂದೆ ನಾವು ಹಾಡುವಾಗ ಶ್ರುತಿ ಸರಿಯಾಗಿಯೇ ಕೂರುತ್ತದೆ.

"ಪೊಲೀಸರು ಯಾರು? ನಮ್ಮ ಹುಡುಗ ಸಿಕ್ಕಿದರೆ ಚರ್ಮ ಸುಲಿಯುತ್ತಾರೆ." ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ನಿಜ. ಲಾಠಿಗೆ ಜಾತಿ ಇದೆ. ಮೇಲ್ಜಾತಿಯ ಗಂಡನಿಗೆ ಕುರ್ಚಿ, ನಮ್ಮವನಿಗೆ ನೆಲ. ಇದನ್ನು ನೋಡಿಯೇ ಎಷ್ಟೋ ಹೆಂಗಸರು ಠಾಣೆ ಮೆಟ್ಟಿಲು ಹತ್ತುವುದಿಲ್ಲ. ಆದರೆ ಒಂದು ಕೇಳುತ್ತೇವೆ. ಠಾಣೆಯಲ್ಲಿ ಅವನಿಗೆ ಏಟು ಬೀಳದ ಹಾಗೆ ಕಾಯಲು ನಾವು ಹತ್ತು ಜನ ಹೋಗುತ್ತೇವೆ. ಮನೆಯಲ್ಲಿ ಅವಳಿಗೆ ಏಟು ಬೀಳದ ಹಾಗೆ ಕಾಯಲು ಒಬ್ಬರಾದರೂ ಹೋಗಿದ್ದೇವಾ? ಅವನನ್ನೂ ಕಾಯೋಣ. ಅವಳ ಹಲ್ಲನ್ನು ಕೊಟ್ಟು ಕಾಯುವುದು ಬೇಡ.

ಅದಕ್ಕೆ ಬೇರೆ ದಾರಿಯೂ ಇದೆ, ಆ ರಾತ್ರಿ ನಮಗೆ ಗೊತ್ತೇ ಇರಲಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26. ಇದರಲ್ಲಿ ಜೈಲು ಮೊದಲ ಮಾತಲ್ಲ. ಹೊಡೆಯಬೇಡ ಅಂತ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡುತ್ತಾರೆ. ಮನೆ ಯಾರ ಹೆಸರಲ್ಲೇ ಇರಲಿ, ಅವಳನ್ನು ಹೊರಗೆ ಹಾಕುವ ಹಾಗಿಲ್ಲ. ಬೇಕಾದರೆ ಅವನೇ ಹೊರಗೆ ಹೋಗು ಅಂತಲೂ ಹೇಳಬಹುದು. ಜೀವನಾಂಶ, ಆಸ್ಪತ್ರೆ ಖರ್ಚು, ಎಲ್ಲ ಅದರಲ್ಲೇ ಕೇಳಬಹುದು. ಆ ಆಜ್ಞೆ ಮೀರಿ ಕೈ ಎತ್ತಿದರೆ ಆಗ ಅಪರಾಧ, ಒಂದು ವರ್ಷದವರೆಗೆ ಸಜೆ, ಸಂಜ್ಞೇಯ, ಜಾಮೀನು ಹಕ್ಕಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ, ಅಂದರೆ ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒಗೇ ಸಂರಕ್ಷಣಾಧಿಕಾರಿಯ ಕೆಲಸ ಕೊಟ್ಟಿದ್ದಾರೆ. ಇಲ್ಲಿ ಸಂಘದವರೂ ಮಾಹಿತಿ ಕೊಡಬಹುದು, ತಮ್ಮ ಬರುವವರೆಗೆ ಕಾಯಬೇಕಿಲ್ಲ. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾಯಿದೆಯಲ್ಲಿದೆ. ಅಲೆದವರು ಆ ಮಾತು ಕೇಳಿ ನಗುತ್ತಾರೆ. ಆದರೂ ಅಲೆದವರಿಗೇ ಮನೆ ಉಳಿದದ್ದನ್ನೂ ನೋಡಿದ್ದೇವೆ. ವಕೀಲರಿಗೆ ದುಡ್ಡಿಲ್ಲ ಅನ್ನಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಪರಿಶಿಷ್ಟರಿಗೂ ಹೆಂಗಸರಿಗೂ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡಬೇಕು. ನಮ್ಮ ಅಕ್ಕ ಎರಡೂ ಹೌದು.

ಇನ್ನೊಂದು ನೋವಿನ ಜಾಗ ಇದೆ. ಸಂಘದ ವೇದಿಕೆಯ ಮೇಲೆ ಅಂತರ್ಜಾತಿ ಮದುವೆ ಮಾಡಿಸುತ್ತೇವೆ, ಹಾರ ಹಾಕಿಸಿ ಫೋಟೋ ತೆಗೆಸುತ್ತೇವೆ. ಆಮೇಲೆ ಆ ನಮ್ಮ ಹೆಣ್ಣುಮಗಳು ಹೋಗಿ ಸೇರಿದ ಮನೆಯಲ್ಲಿ ಏನಾಯಿತು ಅಂತ ತಿರುಗಿ ನೋಡುವುದಿಲ್ಲ. ಬೇರೆ ಲೋಟ, ಬೇರೆ ತಟ್ಟೆ, ಆಮೇಲೆ ಏಟು. ನಾಲ್ಕು ಗೋಡೆಯ ಒಳಗೆ ಜಾತಿ ಹಿಡಿದು ಬೈದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗವಲ್ಲ, ಆದ್ದರಿಂದ ಬೈಗುಳದ ಕಲಂ ನಿಲ್ಲುವುದಿಲ್ಲ ಅಂತ 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಗಂಡ ಹೆಂಡಿರ ಕೇಸಲ್ಲ, ಆದರೆ ಆ ಮಾತಿನ ಏಟು ಇಂಥ ಸೊಸೆಯಂದಿರಿಗೆ ತಾಗುತ್ತದೆ. ಮನೆಯ ಗೋಡೆ ಜಾತಿಗೆ ಎಂಥ ಕೋಟೆ ನೋಡಿ! ಆದರೂ ಇನ್ನೊಂದು ಬಾಗಿಲು ಇದೆ. 2015ರ ತಿದ್ದುಪಡಿಯಲ್ಲಿ 3(2)(ವಿಎ) ಅಂತ ಸೇರಿಸಿದ್ದಾರೆ. ಪರಿಶಿಷ್ಟಳು ಅಂತ ಗೊತ್ತಿದ್ದೂ ಪರಿಶಿಷ್ಟನಲ್ಲದವನು ಗಾಯ ಮಾಡಿದರೆ ಅದೂ ದೌರ್ಜನ್ಯ ಕಾಯಿದೆಗೆ ಬರುತ್ತದೆ, ಗೋಡೆಯ ಒಳಗೆ ಹೊರಗೆ ಅಂತ ಇಲ್ಲ. ತಾಳಿ ಕಟ್ಟಿದವನಿಗೆ ಅವಳ ಜಾತಿ ಗೊತ್ತಿರಲಿಲ್ಲ ಅಂತ ಯಾರು ಹೇಳಿಯಾರು?

ಅಂಬೇಡ್ಕರ್ ಫೋಟೋ ಇಲ್ಲದ ಮನೆ ನಮ್ಮ ಕೇರಿಯಲ್ಲಿಲ್ಲ. ಅಕ್ಕನ ಹಲ್ಲು ಮುರಿದದ್ದೂ ಆ ಫೋಟೋ ಕೆಳಗೇ. 1942ರ ಜುಲೈ 20ರಂದು ನಾಗಪುರದಲ್ಲಿ ಶೋಷಿತ ವರ್ಗಗಳ ಮಹಿಳಾ ಸಮ್ಮೇಳನ ನಡೆಯಿತು. ಹೆಂಡತಿ ಗಂಡನ ಗೆಳತಿಯಾಗಿ, ಸಮಾನಳಾಗಿ ನಿಲ್ಲಬೇಕು, ಗುಲಾಮಳಾಗಬಾರದು ಅಂತ ಬಾಬಾಸಾಹೇಬರು ಅಲ್ಲಿ ನಮ್ಮ ತಾಯಂದಿರಿಗೆ ಹೇಳಿದರು. ಆ ತಾಯಂದಿರು ಕೇಳಿ ಚಪ್ಪಾಳೆ ತಟ್ಟಿ ಎದ್ದುಹೋಗಲಿಲ್ಲ. ಹೆಂಗಸಿಗೆ ವಿಚ್ಛೇದನದ ಹಕ್ಕು ಬೇಕು, ಒಬ್ಬನಿಗೆ ಇಬ್ಬರು ಹೆಂಡಿರು ಕೂಡದು ಅಂತ ಠರಾವು ಮಾಡಿದರು. ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ, ಹದಿಮೂರು ವರ್ಷ ಆದ ಮೇಲೆ. ಆ ಹೆಂಗಸರು ಪಾರ್ಲಿಮೆಂಟಿಗಿಂತ ಮುಂದೆ ಇದ್ದರು. ಬಿಎ ಓದಿದ ನಾವು 2024ರಲ್ಲಿ ಮುಚ್ಚಳಿಕೆಗೆ ಸಹಿ ಹಾಕಿದೆವು.

ಆ ಮುಚ್ಚಳಿಕೆಗೆ ಬೆಲೆ ಎಷ್ಟು ಅಂತ ಆಮೇಲೆ ಒಬ್ಬ ವಕೀಲರನ್ನು ಕೇಳಿದೆವು. ಠಾಣೆಗೆ ರಾಜಿ ಮಾಡಿಸುವ ಅಧಿಕಾರವೇ ಇಲ್ಲ ಅಂದರು. ತೀವ್ರ ಗಾಯಕ್ಕೆ ಕೋರ್ಟಿನ ಅನುಮತಿ ಇದ್ದರೆ ಮಾತ್ರ ರಾಜಿ, 85ಕ್ಕೆ ಅದೂ ಇಲ್ಲ, ಹೈಕೋರ್ಟಿಗೇ ಹೋಗಬೇಕು. ಅಂದರೆ ನಾವು ಸಹಿ ಹಾಕಿದ್ದು ಬರೀ ಕಾಗದ. ಕಾಗದ ಏಟು ತಡೆಯುತ್ತದಾ? 2025ರ ಫೆಬ್ರವರಿಯಲ್ಲಿ ಅವನು ಮತ್ತೆ ಹೊಡೆದು ಅವಳನ್ನೂ ಮಕ್ಕಳನ್ನೂ ರಾತ್ರಿ ಹೊರಗೆ ಹಾಕಿದ. ಆ ಮನೆಯ ಹಕ್ಕುಪತ್ರ ಇರುವುದು ಅವಳ ಹೆಸರಿನಲ್ಲಿ.

ಈ ಸಲ ಅವಳು ನಮ್ಮ ಹತ್ತಿರ ಬರಲಿಲ್ಲ. ತಮ್ಮನಿಗೆ ಹೇಳಿಕಳಿಸಿದಳು. ನಾವಾಗಿ ಹೋದೆವು. ಜಗಲಿಯ ಮೇಲೆ ಕೂತಿದ್ದವಳು ನಮ್ಮನ್ನು ನೋಡಿ, "ಸಹಿ ಹಾಕೋಕ್ ಬಂದ್ರಾ?" ಅಂದಳು. ಅದಕ್ಕೆ ಉತ್ತರ ಇರಲಿಲ್ಲ. ಏನು ಮಾಡಬೇಕು ಹೇಳಕ್ಕ ಅಂತ ಮೊದಲ ಬಾರಿಗೆ ಕೇಳಿದೆವು. "ಜೈಲಿಗೆ ಹಾಕ್ತಾರೋ ಬುಡ್ತಾರೋ ಕೋರ್ಟ್ ನೋಡ್ಕಳ್ಳಿ. ನನ್ ಹಲ್ಲು ಮುರ್ದದೆ ಅಂತ ಸರ್ಯಾಗಿ ಬರೀಲಿ. ನನ್ ಮನೆ ನಂಗೆ ಬೇಕು." ಇಷ್ಟೇ ಅವಳ ಬೇಡಿಕೆ ಪತ್ರ. ನಮ್ಮ ಇಪ್ಪತ್ತು ಅಂಶದ ಬೇಡಿಕೆ ಪತ್ರಗಳಿಗಿಂತ ಚೊಕ್ಕ.

ನವೆಂಬರ್ ರಾತ್ರಿಯ ಆಸ್ಪತ್ರೆ ಪುಸ್ತಕ ಉಳಿಸಿತು. ನಾವು ಹೊರಗೆ ಬೀಡಿ ಸೇದುತ್ತಾ ನಿಂತಿದ್ದಾಗ ನರ್ಸಮ್ಮ ಒಬ್ಬಳೇ ಕೇಳಿದ್ದಕ್ಕೆ ಅಕ್ಕ ಬಚ್ಚಲಲ್ಲಿ ಜಾರಿದೆ ಅನ್ನದೆ ಗಂಡ ಹೊಡೆದ ಅಂತಲೇ ಬರೆಸಿದ್ದಳು. ಹಲ್ಲು ಮುರಿದಿದೆ ಅಂತ ಡಾಕ್ಟರು ಬರೆದಿದ್ದರು. ಗಾಯದ ಸರ್ಟಿಫಿಕೇಟಿನ ನಕಲು ಸೇರಿಸಿ ಎಸ್‌ಪಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ಠಾಣೆ ಬರೆಯದಿದ್ದರೆ ಎಸ್‌ಪಿ, ಎಸ್‌ಪಿಯೂ ಸುಮ್ಮನಿದ್ದರೆ ಮ್ಯಾಜಿಸ್ಟ್ರೇಟು, ಇದು ದಾರಿ. ತಡವಾಯಿತು ಅಂತ ಯಾರಾದರೂ ಹೆದರಿಸಿದರೆ ನೆನಪಿಡಿ: ಸಾದಾ ಗಾಯಕ್ಕೆ ಒಂದು ವರ್ಷದ ವಾಯಿದೆ, 85ಕ್ಕೆ ಮೂರು ವರ್ಷ, ತೀವ್ರ ಗಾಯಕ್ಕೆ ವಾಯಿದೆಯೇ ಇಲ್ಲ. ಕೊನೆಗೆ 117(2), 85 ಎರಡೂ ಬಿದ್ದವು. ಅವನಿಗೆ ನೋಟಿಸು ಕೊಟ್ಟರು, ಬಂಧಿಸಲಿಲ್ಲ, ಚರ್ಮ ಸುಲಿಯಲಿಲ್ಲ. ನಮ್ಮಲ್ಲಿ ಇಬ್ಬರು ಹೋಗಿ ಅವನ ಪಕ್ಕದಲ್ಲೂ ಕೂತಿದ್ದರು. ಸಿಡಿಪಿಒ ಮೂಲಕ ಹಾಕಿದ ಅರ್ಜಿಯಲ್ಲಿ ಮನೆ ಅವಳಿಗೆ ಬಿಡಿಸಿದ ಮಧ್ಯಂತರ ಆಜ್ಞೆ ಆಯಿತು. ಕೇಸು ನಡೆಯುತ್ತಿದೆ. ವಾಯಿದೆ ದಿನ ಬೆಳಿಗ್ಗೆ ಏಳರ ಬಸ್ಸಿಗೆ ಅವಳ ಜೊತೆ ಯಾರಾದರೂ ಒಬ್ಬರು ಹತ್ತುತ್ತೇವೆ. ಸರದಿ ಹಾಕಿಕೊಂಡಿದ್ದೇವೆ, ಸರದಿಗೆ ಇನ್ನೂ ನಾಲ್ಕು ಹೆಸರು ಬೇಕು. ಹೆಂಗಸರಿದ್ದರೆ ಒಳ್ಳೆಯದು.

ಮುರಿದ ಹಲ್ಲಿನ ಚೂರು ಈಗಲೂ ಅವಳ ಚೀಲದಲ್ಲೇ ಇದೆ. ಕೋರ್ಟಿನಲ್ಲಿ ಕೇಳುತ್ತಾರೇನೋ ಅಂತ ಪ್ರತಿ ವಾಯಿದೆಗೂ ತರುತ್ತಾಳೆ.

ಅವನು ಹೇಳಿಕಳಿಸಿದ್ದಾನೆ, ಬರುವ ಏಪ್ರಿಲ್ 14ಕ್ಕೆ ತಮಟೆ ಬಡಿಯಲು ಬರುತ್ತೇನೆ ಅಂತ. ಅವನಷ್ಟು ಚೆನ್ನಾಗಿ ಬಡಿಯುವವರು ನಮ್ಮಲ್ಲಿ ಇಲ್ಲ. ಅಕ್ಕನನ್ನು ಕೇಳದೆ ಉತ್ತರ ಕೊಡುವುದಿಲ್ಲ ಅಂತ ಹೇಳಿದ್ದೇವೆ. ಅಕ್ಕ ಇನ್ನೂ ಏನೂ ಹೇಳಿಲ್ಲ.